ಕಾಲೇಜು ಬಾಸ್ಕೆಟ್‌ಬಾಲ್: ‘ಹೆಡ್ ಕೋಚ್ ಯಾವಾಗ ಆಗ್ತೀನಿ?’ ಅಂತ ಕೇಳುವವರಿಗೆ

ಪ್ರಶ್ನೆ: ನಾನು ಹಾಸನದವನು. ಅಮೆರಿಕದಲ್ಲಿ ಎಂಎಸ್ ಓದುತ್ತಿದ್ದೇನೆ. ಕಾಲೇಜು ತಂಡದಲ್ಲಿ ಆಡಿಲ್ಲ. ಇಲ್ಲಿ ಅಸಿಸ್ಟೆಂಟ್ ಕೋಚ್ ಆಗಬಹುದಾ ಸರ್? ಎಷ್ಟು ವರ್ಷಕ್ಕೆ ಹೆಡ್ ಕೋಚ್ ಆಗಬಹುದು?

ಪ್ರತಿ ಸೀಸನ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಮೊದಲ ಅರ್ಧ ಸರಿ. ಎರಡನೇ ಅರ್ಧ ಓದಿದಾಗ ಸಿಟ್ಟು ಬರುತ್ತದೆ. ಕೆಲಸ ಏನು ಅಂತ ಕೇಳುವ ಮೊದಲೇ ಕುರ್ಚಿ ಯಾವಾಗ ಅಂತ ಕೇಳಿದರೆ ಹೇಗೆ?

ಆಡಿರಲೇಬೇಕು ಅಂತೇನಿಲ್ಲ. ಲಾರೆನ್ಸ್ ಫ್ರಾಂಕ್ ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಹೆಸರಾಂತ ಕೋಚ್ ಬಾಬ್ ನೈಟ್ ತಂಡದ ಸ್ಟೂಡೆಂಟ್ ಮ್ಯಾನೇಜರ್ ಆಗಿದ್ದವರು. 2004ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ನ್ಯೂಜೆರ್ಸಿ ನೆಟ್ಸ್ ತಂಡಕ್ಕೆ ಹೆಡ್ ಕೋಚ್ ಆದರು. ಆದರೆ ಈ ಮ್ಯಾನೇಜರ್‌ಗೆ ಕೂರಲು ಟೇಬಲ್ ಇರಲ್ಲ. ನೀರಿನ ಬಾಟಲಿ ತುಂಬಬೇಕು, ಟವೆಲ್ ಒಗೆಯಬೇಕು, ಕೋರ್ಟ್ ಮೇಲೆ ಬಿದ್ದ ಬೆವರು ಒರೆಸಬೇಕು. ರಾತ್ರಿ ಒಬ್ಬ ಆಟಗಾರ ಶೂಟಿಂಗ್ ಮಾಡಲು ಬಂದರೆ, ಅವನು ಸಾಕು ಅನ್ನುವ ತನಕ ರಿಬೌಂಡ್ ಹಿಡಿದು ಪಾಸ್ ಕೊಡಬೇಕು. ಆಮೇಲೆ ಗ್ರಾಜುಯೇಟ್ ಅಸಿಸ್ಟೆಂಟ್ (ಎಂಎಸ್‌ನಂಥ ಕೋರ್ಸ್ ಓದುತ್ತಲೇ ತಂಡಕ್ಕೆ ಕೆಲಸ ಮಾಡುವವರು), ವಿಡಿಯೋ ಕೋಆರ್ಡಿನೇಟರ್, ಆಪರೇಷನ್ಸ್ ಡೈರೆಕ್ಟರ್. ಅಸಿಸ್ಟೆಂಟ್ ಕೋಚ್ ಕೆಲಸ ಸಾಮಾನ್ಯವಾಗಿ ಇವುಗಳ ನಂತರವೇ.

ಆ ಕೆಲಸ ಹೇಗಿರುತ್ತದೆ ಗೊತ್ತಾ? ಎದುರಾಳಿ ತಂಡಗಳನ್ನು ಅಸಿಸ್ಟೆಂಟ್‌ಗಳು ಹಂಚಿಕೊಳ್ಳುತ್ತಾರೆ. ನಿಮ್ಮ ಪಾಲಿಗೆ ಬಂದ ತಂಡದ ಹಳೇ ಮ್ಯಾಚ್‌ಗಳನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಅವರ ಗಾರ್ಡ್ (ಚೆಂಡು ನಡೆಸುವವನು) ಸ್ಕ್ರೀನ್ ಸಿಕ್ಕ ಮೇಲೆ, ಅಂದರೆ ಜೊತೆ ಆಟಗಾರ ಅಡ್ಡ ನಿಂತು ದಾರಿ ಮಾಡಿಕೊಟ್ಟ ಮೇಲೆ, ಎಡಕ್ಕೆ ಹೋದರೆ ನಿಂತು ಶೂಟ್ ಮಾಡ್ತಾನಾ, ಬಲಕ್ಕೆ ಹೋದರೆ ಬಾಸ್ಕೆಟ್‌ವರೆಗೂ ನುಗ್ತಾನಾ? ಇಂಥದ್ದನ್ನು ಹತ್ತೊಂಬತ್ತು ವರ್ಷದ ಹುಡುಗನಿಗೆ ಎರಡೇ ಮಾತಿನಲ್ಲಿ ತಲೆಗೆ ಹೋಗುವಂತೆ ಹೇಳಬೇಕು. ಉಳಿದ ಟೈಮೆಲ್ಲ ರಿಕ್ರೂಟಿಂಗ್, ಅಂದರೆ ಆಟಗಾರರನ್ನು ಹುಡುಕಿ ತಂಡಕ್ಕೆ ಕರೆತರುವುದು: ಹೈಸ್ಕೂಲ್ ಜಿಮ್‌ಗಳು, ಫೋನು, ಹುಡುಗರ ಅಪ್ಪ ಅಮ್ಮ. ಈಗ ಆಟಗಾರರು ಕಾಲೇಜು ಬದಲಿಸುವುದು ಸುಲಭವಾಗಿದೆ. ಹೋದ ವರ್ಷ ಕರೆತಂದವನನ್ನೇ ಈ ವರ್ಷ ಮತ್ತೆ ಒಪ್ಪಿಸಬೇಕು.

ಇನ್ನು ವರ್ಷದ ಲೆಕ್ಕ. ಶಾಕಾ ಸ್ಮಾರ್ಟ್ 1999ರಲ್ಲಿ ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜಿನಲ್ಲಿ ಶುರು ಮಾಡಿದರು. ಡೇಟನ್, ಅಕ್ರಾನ್, ಕ್ಲೆಮ್ಸನ್, ಫ್ಲೋರಿಡಾ ಸುತ್ತಿ 2009ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ಯೂನಿವರ್ಸಿಟಿಗೆ ಹೆಡ್ ಕೋಚ್ ಆದರು. ಟಾಮ್ ಇಜ್ಜೊ ಮಿಷಿಗನ್ ಸ್ಟೇಟ್‌ಗೆ ಬಂದಿದ್ದು 1983ರಲ್ಲಿ, ಹೆಡ್ ಕೋಚ್ ಆಗಿದ್ದು 1995ರಲ್ಲಿ. ಬಿಲ್ ಗತ್ರಿಜ್ ನಾರ್ತ್ ಕ್ಯಾರೊಲೈನಾದಲ್ಲಿ ಹೆಡ್ ಕೋಚ್ ಡೀನ್ ಸ್ಮಿತ್ ಪಕ್ಕದಲ್ಲಿ 30 ವರ್ಷ ಅಸಿಸ್ಟೆಂಟ್ ಆಗಿ ಕೂತರು. ಇವರು ಹೆಸರು ಮಾಡಿದವರು. ಹೆಡ್ ಕೋಚ್ ಆಗದೆಯೇ ನಿವೃತ್ತರಾದವರು ಎಷ್ಟೋ ಜನ.

ಎರಡು ಎಚ್ಚರಿಕೆ ಹೇಳಲೇಬೇಕು. ಹೆಡ್ ಕೋಚನ್ನು ತೆಗೆದರೆ ಸಾಮಾನ್ಯವಾಗಿ ಅಸಿಸ್ಟೆಂಟ್‌ಗಳೂ ಹೊರಗೆ. ಅದಕ್ಕೇ ಕಾಲೇಜಿನ ಹೆಸರಿಗಿಂತ ಯಾರ ಕೈಕೆಳಗೆ ಸೇರುತ್ತೀರಿ ಅನ್ನೋದನ್ನು ನೋಡಿ. ಎರಡನೆಯದು ವೀಸಾ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಬಾಸ್ಕೆಟ್‌ಬಾಲ್ ಆಫೀಸಿನಲ್ಲಿ ಗಂಟೆ ಯಾರೂ ಎಣಿಸುವುದಿಲ್ಲ, ನೀವೇ ಎಣಿಸಿಕೊಳ್ಳಿ. ಸೇರುವ ಮೊದಲು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿ. ಸ್ನೇಹಿತರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅಲ್ಲ.

ಪ್ರಶ್ನೆ: ಆನ್‌ಲೈನ್ ಕೋಚಿಂಗ್ ಸರ್ಟಿಫಿಕೇಟ್ ಮಾಡಿದರೆ ಕಾಲೇಜು ಕ್ರೀಡೆಯ ಮೇಲ್ದರ್ಜೆಯಾದ ಡಿವಿಷನ್ ಒನ್‌ನಲ್ಲಿ ಕೆಲಸ ಗ್ಯಾರಂಟಿ ಅಂತಾರೆ. ಕಟ್ಟಲಾ?

ಒಂದು ರೂಪಾಯಿಯೂ ಕಟ್ಟಬೇಡಿ. ಗ್ಯಾರಂಟಿ ಅಂದವರು ಸುಳ್ಳು ಹೇಳುತ್ತಿದ್ದಾರೆ. ಇರುವುದು ರಿಕ್ರೂಟಿಂಗ್ ನಿಯಮಗಳ ಪರೀಕ್ಷೆ. ಅದನ್ನು ಕೆಲಸ ಸಿಕ್ಕ ಮೇಲೆ ಕಾಲೇಜೇ ಬರೆಸುತ್ತದೆ.

ಪ್ರಶ್ನೆ: ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಅಮೆರಿಕದಲ್ಲಿ ನಡೆಯುತ್ತದಾ?

ಭಾರತದಲ್ಲಿ ಕೋಚ್ ಆಗಲು ಒಳ್ಳೆಯದು. ಅಲ್ಲಿ ಅದರ ಭರವಸೆ ಮೇಲೆ ಹೋಗಬೇಡಿ.

ಪ್ರಶ್ನೆ: ಸಂಬಳ ಹೇಗೆ?

ಶುರುವಿನಲ್ಲಿ ತೀರಾ ಕಡಿಮೆ. 1990ರ ದಶಕದಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ ಒಂದು ವರ್ಗದ ಅಸಿಸ್ಟೆಂಟ್‌ಗಳಿಗೆ ವರ್ಷಕ್ಕೆ 16,000 ಡಾಲರ್ ಮಿತಿ ಹಾಕಿತ್ತು. ಕೋಚ್‌ಗಳು ಕೋರ್ಟಿಗೆ ಹೋಗಿ ಗೆದ್ದರು. 1999ರಲ್ಲಿ 54.5 ಮಿಲಿಯನ್ ಡಾಲರ್‌ಗೆ ರಾಜಿಯಾಯಿತು.

ಪ್ರಶ್ನೆ: ಆಟಗಾರರನ್ನು ಏಜೆಂಟ್‌ಗೆ ಪರಿಚಯಿಸಿ ಕಮಿಷನ್ ತಗೊಂಡರೆ ತಪ್ಪೇನು?

2017ರ ಸೆಪ್ಟೆಂಬರಿನಲ್ಲಿ ಇಂಥದ್ದೇ ಆರೋಪದ ಮೇಲೆ ಎಫ್‌ಬಿಐ ನಾಲ್ವರು ಅಸಿಸ್ಟೆಂಟ್ ಕೋಚ್‌ಗಳನ್ನು ಬಂಧಿಸಿತು. ಈ ಪ್ರಶ್ನೆ ಮತ್ತೆ ಕಳಿಸಬೇಡಿ.