ಅಡಿಕೆಯ ಎಲೆಚುಕ್ಕಿ ರೋಗ ಗುರುತಿಸಲು, ಚಿತ್ರ ಕುಗ್ಗಿಸಿ ಕೊಡುವ ಒವಿ2640 ಕ್ಯಾಮೆರಾ ಸೆನ್ಸರ್ ಬಿಟ್ಟು, ಕುಗ್ಗಿಸದ ಕಚ್ಚಾ ಚಿತ್ರದ ಸೆನ್ಸರ್ ಕೊಳ್ಳಲೇ?

ಬೇಡ. ಕೈಯಲ್ಲಿರುವ ಸೆನ್ಸರನ್ನೇ ಇಟ್ಟುಕೊಳ್ಳಿ. ನಾನು ಒಂದು ಇಡೀ ಮಳೆಗಾಲವನ್ನು ಇದರಲ್ಲೇ ಕಳೆದುಕೊಂಡಿದ್ದೇನೆ, ಆದರೆ ಸೆನ್ಸರ್ ನಾನು ಹೇಳಿದ್ದನ್ನೇ ಮಾಡಿತ್ತು.

ತೀರ್ಥಹಳ್ಳಿ ಸಮೀಪದ ನಮ್ಮ ತೋಟದಲ್ಲಿ ಈ ಸೆನ್ಸರ್ ಇರುವ ಎರಡು ಇಎಸ್‌ಪಿ32-ಕ್ಯಾಮ್ ಬೋರ್ಡ್‌ಗಳನ್ನು (ಇಎಸ್‌ಪಿ32 ಎಂಬ ಚಿಪ್ಪಿನಿಂದ ನಡೆಯುವ ಪುಟ್ಟ ಕ್ಯಾಮೆರಾ ಬೋರ್ಡ್) ಬಿದಿರಿಗೆ ಕಟ್ಟಿ, ಎಳೆಯ ಅಡಿಕೆ ಗಿಡಗಳ ಸೋಗೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಜೂನ್‌ನಿಂದ ದಿನಕ್ಕೆ ನಾಲ್ಕು ಚಿತ್ರ, ನೇರವಾಗಿ ಮೆಮೊರಿ ಕಾರ್ಡ್‌ಗೆ. ಒವಿ2640 ತನ್ನ 1600×1200 ಬಿಂದುಗಳ ಚಿತ್ರವನ್ನು ಚಿಪ್ಪಿನೊಳಗೇ ಜೆಪೆಗ್, ಅಂದರೆ ಕುಗ್ಗಿಸಿದ ಫೋಟೊ ಫೈಲು, ಮಾಡಿ ಕೊಡುತ್ತದೆ. ಪ್ರೋಗ್ರಾಮಿನಲ್ಲಿ ಅದರ ಗುಣಮಟ್ಟಕ್ಕೆಂದು 0ಯಿಂದ 63ರವರೆಗಿನ ಒಂದು ಸಂಖ್ಯೆ ಇದೆ. ನಾನು 60 ಎಂದು ಬರೆದೆ.

ಕಂಪ್ಯೂಟರಿನಲ್ಲಿ ಫೋಟೊ ಉಳಿಸುವಾಗ 100ಕ್ಕೆ ಹತ್ತಿರವಾದಷ್ಟೂ ಚಿತ್ರ ಚೆನ್ನಾಗಿರುತ್ತದೆ. ಆ ರೂಢಿಯಲ್ಲಿ ಇಲ್ಲಿಯೂ ದೊಡ್ಡ ಸಂಖ್ಯೆ ಹಾಕಿದೆ. ಇಲ್ಲಿ ಲೆಕ್ಕ ತಲೆಕೆಳಗು. ಜೆಪೆಗ್ ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದೊಳಗಿನ ಏರಿಳಿತಗಳನ್ನು ಸಂಖ್ಯೆಗಳಾಗಿಸಿ, ಅವನ್ನು ಭಾಗಿಸಿ ಪೂರ್ಣಾಂಕವಾಗಿ ಉಳಿಸುತ್ತದೆ. ನಾವು ಬರೆಯುವ ಸಂಖ್ಯೆ ಹೆಚ್ಚಿದಷ್ಟೂ ಭಾಜಕ ದೊಡ್ಡದಾಗುತ್ತದೆ. ಸಣ್ಣ ಏರಿಳಿತಗಳೆಲ್ಲ ಸೊನ್ನೆಯಾಗಿ ಹೋಗುತ್ತವೆ. ಎಲೆಚುಕ್ಕಿಯ ಆರಂಭವೆಂದರೆ ಆ ಸಣ್ಣ ಏರಿಳಿತವೇ: ಕಂದು ಚುಕ್ಕಿ, ಸುತ್ತ ತೆಳು ಹಳದಿ ಬಳೆ. ಫೈಲುಗಳು ಚಿಕ್ಕದಾಗಿ ಬರುತ್ತಿದ್ದುದನ್ನು ಕಂಡು ಆಗ ಸಂತೋಷಪಟ್ಟಿದ್ದೆ. ಮೊಬೈಲಿನ ಪುಟ್ಟ ಪರದೆಯಲ್ಲಿ ಚಿತ್ರ ಸರಿಯಾಗಿಯೇ ಕಾಣುತ್ತಿತ್ತು. ಅಕ್ಟೋಬರ್‌ನಲ್ಲಿ ಚುಕ್ಕಿಗಳನ್ನು ಗುರುತು ಹಾಕಲು ಕಂಪ್ಯೂಟರಿನಲ್ಲಿ ತೆರೆದರೆ ಬಳೆಯೂ ಇಲ್ಲ, ಅಂಚೂ ಇಲ್ಲ. ಹಸಿರು ಕಂದು ಚೌಕಗಳು. ತೋಟಕ್ಕೆ ಓಡಿದೆ. ಅಷ್ಟರಲ್ಲಿ ಚುಕ್ಕಿಗಳು ಕೂಡಿಕೊಂಡು ಸೋಗೆಗಳೇ ಒಣಗಿದ್ದವು. ರೋಗದ ಮೊದಲ ದಿನಗಳನ್ನು ಮತ್ತೆ ಫೋಟೊ ತೆಗೆಯಲು ಇನ್ನೊಂದು ಮಳೆಗಾಲವೇ ಬರಬೇಕಿತ್ತು.

ಕಚ್ಚಾ ಚಿತ್ರಕ್ಕೆಂದು ಕೆಲವರು ಒವಿ7670 ಸೂಚಿಸುತ್ತಾರೆ. ಅದರದು 640×480, ಅಂದರೆ ಒವಿ2640ರ ಬಿಂದುಗಳಲ್ಲಿ ಆರನೆಯ ಒಂದು ಭಾಗವೂ ಇಲ್ಲ. ಬಿಂದುವಿಗೆ ಎರಡು ಬೈಟ್‌ನಂತೆ ಒಂದು ಚಿತ್ರಕ್ಕೆ 6,14,400 ಬೈಟ್, ಅಂದರೆ 600 ಕಿಲೋಬೈಟ್ ಬೇಕು. ಇಎಸ್‌ಪಿ32ರ ಒಳಮೆಮೊರಿ 520 ಕಿಲೋಬೈಟ್. ಇಷ್ಟು ಒದ್ದಾಡಿ ಪಡೆದ ಚಿತ್ರದಲ್ಲಿ ಚುಕ್ಕಿ ಎಂಬುದು ನಾಲ್ಕಾರು ಬಿಂದುಗಳಾಗಿ ಉಳಿದರೆ ಅದು ಕಚ್ಚಾ ಆಗಿದ್ದು ಏನು ಪ್ರಯೋಜನ?

ಗುಣಮಟ್ಟದ ಸಂಖ್ಯೆಯನ್ನು ನಾನೀಗ 10 ಇಟ್ಟಿದ್ದೇನೆ. ತೀರಾ ಕೆಳಕ್ಕೂ ಇಳಿಸಬೇಡಿ, ಫೈಲು ದೊಡ್ಡದಾಗುತ್ತದೆ. ಬಿಳಿ ಗೋಡೆಯ ಜೆಪೆಗ್ ಚಿಕ್ಕದು, ಎಲೆ ತುಂಬಿದ ತೋಟದ್ದು ದೊಡ್ಡದು; ಮನೆಯೊಳಗೆ ಪರೀಕ್ಷಿಸಿದಾಗ ಸರಿಯಾಗಿದ್ದದ್ದು ತೋಟದಲ್ಲಿ ಮೀಸಲಿಟ್ಟ ಮೆಮೊರಿಯನ್ನು ಮೀರಿ, ಚಿತ್ರ ಅರ್ಧಕ್ಕೇ ತುಂಡಾಗಬಹುದು. ಪ್ರತಿ ಫೈಲಿನ ಕೊನೆಯಲ್ಲಿ ಎಫ್‌ಎಫ್ ಡಿ9 ಎಂಬ ಮುಕ್ತಾಯದ ಗುರುತು ಇದೆಯೇ ಎಂದು ಪ್ರೋಗ್ರಾಮಿನಿಂದಲೇ ನೋಡಿಸಿ.

ಮಳೆ ಹಿಡಿಯುವ ಮೊದಲು ಚುಕ್ಕಿ ಬಿದ್ದ ಒಂದೇ ಸೋಗೆಯನ್ನು 10, 30, 60 ಮೂರರಲ್ಲೂ ತೆಗೆಯಿರಿ. ದೊಡ್ಡ ಪರದೆಯಲ್ಲಿ ಹಿಗ್ಗಿಸಿ, ಹಳದಿ ಬಳೆ ಎಲ್ಲಿಯವರೆಗೆ ಉಳಿಯುತ್ತದೆ ನೋಡಿ. ಮೊಬೈಲಿನಲ್ಲಿ ಮಾತ್ರ ನೋಡಬೇಡಿ.