ಜಿಎಲ್‌ಪಿಐನಲ್ಲಿ ಸಿಬ್ಬಂದಿಗೆ ಸುಲಭವಾಗುವಂತೆ ಟಿಕೆಟ್ ಫಾರ್ಮ್ ಹೊಂದಿಸುವುದು ಹೇಗೆ?

ನಿಮ್ಮ ಕಾಲೇಜಿನಲ್ಲಿ ಐಟಿ ದೂರುಗಳನ್ನು ದಾಖಲಿಸಿ ನೋಡಿಕೊಳ್ಳುವ ತಂತ್ರಾಂಶ ಜಿಎಲ್‌ಪಿಐ (GLPI) 10 ಹಾಕಿದ್ದೀರಿ. ಪ್ರಿಂಟರ್ ಕೆಟ್ಟರೆ, ನೆಟ್ ಹೋದರೆ ಅದರಲ್ಲಿ ಟಿಕೆಟ್ (ಅಂದರೆ ದೂರು) ಹಾಕಿ ಅಂತ ಎಲ್ಲರಿಗೂ ಹೇಳಿದ್ದೀರಿ. ಆದರೆ ಫಾರ್ಮ್ ತೆರೆದವರು ಗಾಬರಿಯಾಗಿ ಮತ್ತೆ ಫೋನನ್ನೇ ಮಾಡುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಒಂದು ಆಸ್ಪತ್ರೆಯ ಐಟಿ ವಿಭಾಗದಲ್ಲಿ ಇದೇ ಜಿಎಲ್‌ಪಿಐ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಟಿಕೆಟ್ ಹಾಕುವವರಲ್ಲಿ ಜಾಸ್ತಿ ಜನ ನರ್ಸ್‌ಗಳು. ಅವರಿಗೆ ಫಾರ್ಮ್ ಮುಂದೆ ಕೂರಲು ಪುರುಸೊತ್ತೇ ಇರುವುದಿಲ್ಲ. ಹಾಗಾಗಿ ಅವರಿಗೆ ಗೊತ್ತಿರುವುದನ್ನು ಮಾತ್ರ ಕೇಳಬೇಕು, ಉಳಿದದ್ದನ್ನು ಡೆಸ್ಕ್‌ನಲ್ಲಿ ಕೂತ ನಾವೇ ತುಂಬಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಪ್ರೊಫೈಲ್ ನೋಡಿ. ಜಿಎಲ್‌ಪಿಐನಲ್ಲಿ ಯಾರಿಗೆ ಯಾವ ಪರದೆ ಕಾಣಬೇಕು ಅನ್ನುವುದನ್ನು ಪ್ರೊಫೈಲ್ ತೀರ್ಮಾನಿಸುತ್ತದೆ. ಪ್ರತಿ ಪ್ರೊಫೈಲ್‌ಗೂ ಸ್ಟ್ಯಾಂಡರ್ಡ್ (ಪೂರ್ತಿ) ಅಥವಾ ಸಿಂಪ್ಲಿಫೈಡ್ (ಸರಳ) ಅಂತ ಒಂದು ಇಂಟರ್‌ಫೇಸ್, ಅಂದರೆ ಪರದೆಯ ರೂಪ ಇರುತ್ತದೆ. ಇನ್‌ಸ್ಟಾಲ್ ಮಾಡಿದಾಗಲೇ ಬರುವ ಸೆಲ್ಫ್-ಸರ್ವಿಸ್ ಪ್ರೊಫೈಲ್ ಸಿಂಪ್ಲಿಫೈಡ್ ಆಗಿರುತ್ತದೆ. ನಿಮ್ಮ ಅಧ್ಯಾಪಕರಿಗೆ ಉದ್ದುದ್ದ ಮೆನು ಕಾಣುತ್ತಿದ್ದರೆ ಅವರಿಗೆ ಬೇರೆ ಯಾವುದೋ ಪ್ರೊಫೈಲ್ ಸೇರಿದೆ ಎಂದರ್ಥ. ಅಡ್ಮಿನಿಸ್ಟ್ರೇಷನ್ ಮೆನುವಿನಲ್ಲಿ ಪ್ರೊಫೈಲ್ಸ್‌ಗೆ ಹೋಗಿ, ಸೆಲ್ಫ್-ಸರ್ವಿಸ್ ತೆರೆದು, ಅದೇ ಡಿಫಾಲ್ಟ್ ಪ್ರೊಫೈಲ್ ಆಗಿದೆಯಾ ನೋಡಿ. ಅಲ್ಲೇ ಇನ್ನೊಂದು ಒಳ್ಳೆಯ ಆಯ್ಕೆ ಇದೆ. ಲಾಗಿನ್ ಆದ ತಕ್ಷಣ ಟಿಕೆಟ್ ಫಾರ್ಮೇ ತೆರೆಯುವಂತೆ ಮಾಡಬಹುದು. ಅದನ್ನು ಖಂಡಿತ ಆನ್ ಮಾಡಿ. ಒಂದು ಕ್ಲಿಕ್ ಉಳಿದರೂ ಜನರಿಗೆ ಅದು ದೊಡ್ಡ ಉಪಕಾರ.

ಪ್ರೊಫೈಲ್ ಸರಿಯಾದ ಮೇಲೂ ಫಾರ್ಮ್‌ನಲ್ಲಿ ಬೇಡದ ಪ್ರಶ್ನೆಗಳು ಇದ್ದೇ ಇರುತ್ತವೆ. ನಿಜವಾದ ಕೆಲಸ ಟಿಕೆಟ್ ಟೆಂಪ್ಲೇಟ್‌ನಲ್ಲಿದೆ, ಅಂದರೆ ಫಾರ್ಮ್‌ನ ಅಚ್ಚಿನಲ್ಲಿ. ಅಲ್ಲಿ ಒಂದು ಫೀಲ್ಡ್ ಅನ್ನು ಮರೆಮಾಡಬಹುದು, ಕಡ್ಡಾಯ ಮಾಡಬಹುದು, ಇಲ್ಲವೇ ಮೊದಲೇ ತುಂಬಿಡಬಹುದು. ಟಿಕೆಟ್ ಹಾಕುವವರಿಗೆ ಹೇಗೆ ಕಾಣುತ್ತದೆ ಅಂತ ನೋಡಲು ಟೆಂಪ್ಲೇಟ್ ಒಳಗೇ ಸಿಂಪ್ಲಿಫೈಡ್ ಇಂಟರ್‌ಫೇಸ್ ಅನ್ನುವ ಟ್ಯಾಬ್ ಇದೆ.

ನಾನಾದರೆ ಟೈಪ್ ಫೀಲ್ಡ್ ಅನ್ನು ಇನ್ಸಿಡೆಂಟ್ ಅಂತ ತುಂಬಿಟ್ಟು ಮರೆಮಾಡುತ್ತೇನೆ. ಇನ್ಸಿಡೆಂಟೋ (ಏನೋ ಕೆಟ್ಟಿದೆ) ರಿಕ್ವೆಸ್ಟೋ (ಏನೋ ಬೇಕು) ಅನ್ನುವುದು ನಮ್ಮ ಲೆಕ್ಕಾಚಾರ, ಪ್ರಿಂಟರ್ ನಿಂತುಹೋದವರಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಟಿಕೆಟ್ ಅನ್ನು ಬೇರೆ ಯಾರು ಗಮನಿಸಬೇಕು ಅಂತ ಕೇಳುವ ಅಬ್ಸರ್ವರ್ ಫೀಲ್ಡ್ ಕೂಡ ಬೇಡ. ಅರ್ಜೆನ್ಸಿ ಬಗ್ಗೆ ಸ್ವಲ್ಪ ಯೋಚಿಸಿ. ಜಿಎಲ್‌ಪಿಐ ಅರ್ಜೆನ್ಸಿ (ಎಷ್ಟು ತುರ್ತು) ಮತ್ತು ಇಂಪ್ಯಾಕ್ಟ್ (ಪರಿಣಾಮ ಎಷ್ಟು ದೊಡ್ಡದು) ಎರಡನ್ನೂ ಒಂದು ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಕೋಷ್ಟಕದಲ್ಲಿ ಇಟ್ಟು ಪ್ರಯಾರಿಟಿ (ಆದ್ಯತೆ) ಲೆಕ್ಕ ಹಾಕುತ್ತದೆ. ಬಳಕೆದಾರರ ಕೈಗೆ ಅರ್ಜೆನ್ಸಿ ಕೊಟ್ಟರೆ ಎಲ್ಲರ ಕೆಲಸವೂ ಅರ್ಜೆಂಟೇ ಆಗುತ್ತದೆ, ಅಲ್ವಾ? ಅದನ್ನು ಮೀಡಿಯಂ ಅಂತ ತುಂಬಿಟ್ಟು ಮುಚ್ಚಿಬಿಡಿ. ನಮ್ಮಲ್ಲಿ ಐಸಿಯು ಮತ್ತು ಆಪರೇಷನ್ ಥಿಯೇಟರ್‌ಗೆ ಬೇರೆ ಕೆಟಗರಿ ಇದೆ, ಅದರ ಟೆಂಪ್ಲೇಟ್‌ನಲ್ಲಿ ಅರ್ಜೆನ್ಸಿ ಹೈ ಅಂತ ತುಂಬಿದ್ದೇವೆ. ನಿಮ್ಮಲ್ಲಿ ಪರೀಕ್ಷಾ ವಿಭಾಗಕ್ಕೆ ಹಾಗೆ ಮಾಡಬಹುದು.

ಲೊಕೇಶನ್ ಮಾತ್ರ ಕಡ್ಡಾಯ ಮಾಡಿ. ಕಟ್ಟಡ, ಮಹಡಿ, ಕೊಠಡಿ ಅಂತ ಒಂದರೊಳಗೊಂದು ಬರುವಂತೆ ಪಟ್ಟಿ ಮೊದಲೇ ಸಿದ್ಧವಿರಲಿ. ಯಾವ ಕಂಪ್ಯೂಟರ್ ಅಂತ ಕೇಳುವ ಫೀಲ್ಡ್ ಲ್ಯಾಬ್‌ಗಳಿಗೆ ಉಪಯೋಗವಿಲ್ಲ. ಅಲ್ಲಿನ ಯಂತ್ರಗಳು ಯಾರೊಬ್ಬರ ಹೆಸರಿನಲ್ಲೂ ಇರುವುದಿಲ್ಲವಲ್ಲ. ಕಂಪ್ಯೂಟರ್ ಮೇಲೆ ಅಂಟಿಸಿದ ನಂಬರನ್ನು ವಿವರಣೆಯಲ್ಲಿ ಬರೆಯಲು ಹೇಳಿ, ಸಾಕು.

ಕೆಟಗರಿ ಪಟ್ಟಿಯೇ ಜನರನ್ನು ಜಾಸ್ತಿ ಓಡಿಸುವುದು. ಪ್ರತಿ ಕೆಟಗರಿಯಲ್ಲೂ ಸಿಂಪ್ಲಿಫೈಡ್ ಇಂಟರ್‌ಫೇಸ್‌ನಲ್ಲಿ ಕಾಣಬೇಕೇ ಅನ್ನುವ ಆಯ್ಕೆ ಇದೆ. ನಿಮ್ಮ ವರದಿಗೆ ಎಷ್ಟು ಬೇಕೋ ಅಷ್ಟು ಕೆಟಗರಿ ಇಟ್ಟುಕೊಳ್ಳಿ, ಆದರೆ ಸಿಬ್ಬಂದಿಗೆ ಕೆಲವನ್ನು ಮಾತ್ರ ತೋರಿಸಿ. ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡ ಅಕ್ಷರಗಳಿಗೆ ಏನೂ ತೊಂದರೆಯಿಲ್ಲ. ಪೆರಿಫೆರಲ್ಸ್ ಅಂತ ಇಡುವ ಬದಲು ‘ಪ್ರಿಂಟ್ ಬರುತ್ತಿಲ್ಲ’, ‘ಇಂಟರ್ನೆಟ್ ಇಲ್ಲ’, ‘ಪಾಸ್‌ವರ್ಡ್ ಮರೆತಿದೆ’ ಅಂತ ಇಡಿ. ಫೋನಿನಲ್ಲಿ ಅವರು ಏನು ಹೇಳುತ್ತಾರೋ ಅದೇ ಮಾತು ಪಟ್ಟಿಯಲ್ಲಿರಲಿ. ಯಾವುದಕ್ಕೂ ಹೊಂದದ ದೂರಿಗೆ ‘ಬೇರೆ ತೊಂದರೆ’ ಅಂತ ಒಂದು ಇರಲೇಬೇಕು.

ಟೆಂಪ್ಲೇಟ್ ಅನ್ನು ಕೆಟಗರಿಗೆ, ಪ್ರೊಫೈಲ್‌ಗೆ, ಎಂಟಿಟಿಗೆ (ಜಿಎಲ್‌ಪಿಐನಲ್ಲಿ ಸಂಸ್ಥೆಯ ಒಂದು ಘಟಕ) ಮೂರು ಕಡೆಯೂ ಜೋಡಿಸಬಹುದು. ಕೆಟಗರಿಯದ್ದೇ ಮೊದಲು ಲೆಕ್ಕಕ್ಕೆ ಬರುತ್ತದೆ. ಕೆಟಗರಿ ಆರಿಸಿದ ಕೂಡಲೇ ಫಾರ್ಮ್ ಬದಲಾದರೆ ಗಾಬರಿಯಾಗಬೇಡಿ, ಅದಕ್ಕೆ ಜೋಡಿಸಿದ ಟೆಂಪ್ಲೇಟ್ ಬಂದಿದೆ ಅಷ್ಟೆ.

ಪ್ರೊಫೈಲ್‌ನಲ್ಲಿ ಸಿಬ್ಬಂದಿಯ ಹಕ್ಕುಗಳನ್ನು ಕಡಿಮೆ ಮಾಡುವ ಉತ್ಸಾಹದಲ್ಲಿ ಒಂದನ್ನು ಮಾತ್ರ ಕಿತ್ತುಹಾಕಬೇಡಿ. ತಮ್ಮ ಟಿಕೆಟ್‌ಗೆ ಫಾಲೋಅಪ್, ಅಂದರೆ ಮುಂದಿನ ಮಾತು ಬರೆಯುವ ಹಕ್ಕು ಅವರಿಗಿರಲಿ. ಅದಿಲ್ಲದಿದ್ದರೆ ನೀವು ಕೇಳಿದ್ದಕ್ಕೆ ಉತ್ತರಿಸಲು ಅವರು ಮತ್ತೆ ಫೋನೇ ಮಾಡಬೇಕು. ಟೆಕ್ನಿಷಿಯನ್‌ಗಳಿಗೂ ಹೇಳಿ: ಪ್ರೈವೇಟ್ ಅಂತ ಗುರುತು ಮಾಡಿ ಬರೆದದ್ದು ಟಿಕೆಟ್ ಹಾಕಿದವರಿಗೆ ಕಾಣುವುದಿಲ್ಲ.

ಇದೆಲ್ಲ ಸರಿಯಾಗಿದೆಯಾ ಅಂತ ಹಾಕಿ ನೋಡಲು ಜಿಎಲ್‌ಪಿಐನಲ್ಲೇ ಪೋಸ್ಟ್-ಓನ್ಲಿ (post-only) ಅನ್ನುವ ಸಿದ್ಧ ಖಾತೆ ಇದೆ. ಅದು ಸೆಲ್ಫ್-ಸರ್ವಿಸ್ ಪ್ರೊಫೈಲ್‌ನದ್ದು. ಆದರೆ ಅದರ ಮತ್ತು ಜೊತೆಗೆ ಬರುವ ಬೇರೆ ಸಿದ್ಧ ಖಾತೆಗಳ ಪಾಸ್‌ವರ್ಡ್ ಲೋಕಕ್ಕೆಲ್ಲ ಗೊತ್ತು. ಇವತ್ತೇ ಬದಲಾಯಿಸಿ. ಆಮೇಲೆ ಕಚೇರಿಯ ಗುಮಾಸ್ತರೊಬ್ಬರನ್ನು ಕೂರಿಸಿ ಒಂದು ಟಿಕೆಟ್ ಹಾಕಲು ಹೇಳಿ, ನೀವು ಸುಮ್ನೆ ನೋಡಿ. ಅವರ ಕೈ ಎಲ್ಲಿ ನಿಲ್ಲುತ್ತದೋ ಆ ಫೀಲ್ಡ್ ಬಗ್ಗೆ ಮತ್ತೆ ಯೋಚಿಸಿ.

ಇನ್ನೊಂದು ವಿಷಯ. 2025ರಲ್ಲಿ ಜಿಎಲ್‌ಪಿಐ 11 ಬಂದಿದೆ. ಮೊದಲು ಫಾರ್ಮ್‌ಕ್ರಿಯೇಟರ್ ಅನ್ನುವ ಪ್ಲಗಿನ್ (ಬೇರೆಯಾಗಿ ಸೇರಿಸಿಕೊಳ್ಳುವ ತುಣುಕು) ಮಾಡುತ್ತಿದ್ದ ಕೆಲಸ ಅದರೊಳಗೇ ಸೇರಿದೆ. ಪ್ರಶ್ನೆಗಳನ್ನು ನೀವೇ ಬರೆದು ಫಾರ್ಮ್ ಕಟ್ಟಬಹುದು, ಒಂದು ಉತ್ತರ ನೋಡಿ ಮುಂದಿನ ಪ್ರಶ್ನೆ ತೋರಿಸಬಹುದು, ಸಿಬ್ಬಂದಿ ಆರಿಸಿಕೊಳ್ಳುವ ಸೇವೆಗಳ ಪಟ್ಟಿಯಾದ ಸರ್ವಿಸ್ ಕ್ಯಾಟಲಾಗ್‌ನಲ್ಲಿ ಇಡಬಹುದು. ಹತ್ತಿರದಲ್ಲೇ ಅಪ್‌ಗ್ರೇಡ್ ಮಾಡುವ ಯೋಚನೆ ಇದ್ದರೆ ಟೆಂಪ್ಲೇಟ್‌ಗಳ ಮೇಲೆ ಜಾಸ್ತಿ ಸಮಯ ಹಾಕಬೇಡಿ. ಕೆಟಗರಿ ಹೆಸರು ಮತ್ತು ಲೊಕೇಶನ್ ಪಟ್ಟಿಯನ್ನು ಈಗಲೇ ಸರಿ ಮಾಡಿ, ಅವೆರಡೂ ಹೊಸದರಲ್ಲೂ ಹಾಗೇ ಬೇಕಾಗುತ್ತವೆ.