ತ್ರಿಕೋನ ಇಟ್ಟರೆ ಗುಡ್ಡವೇ ಆಗಬೇಕೆ?

ಪ್ರಶ್ನೆ: ನಾಲ್ಕನೇ ಇಯತ್ತೆಯ ಮಕ್ಕಳಿಗೆ ವೃತ್ತ, ಚೌಕ, ತ್ರಿಕೋನ ಕೊಟ್ಟು ಅಮೂರ್ತ ಚಿತ್ರ, ಅಂದರೆ ಯಾವ ವಸ್ತುವನ್ನೂ ಹೋಲದ ಚಿತ್ರ, ಮಾಡಿಸಲು ನೋಡಿದೆ. ಎಲ್ಲರೂ ಮನೆ, ಗುಡ್ಡ, ಸೂರ್ಯನನ್ನೇ ಮಾಡಿದರು. ಎಲ್ಲಿ ತಪ್ಪಿದೆ?
– ಒಬ್ಬ ಶಿಕ್ಷಕಿ, ಧಾರವಾಡ

ಉತ್ತರ: ಮೂರು ಬಗೆಯ ಆಕಾರ ಒಟ್ಟಿಗೆ ಸಿಕ್ಕರೆ ಕೈ ಗೊತ್ತಿದ್ದ ವಸ್ತುವನ್ನೇ ಕಟ್ಟುತ್ತದೆ. ಹಾಳೆಯ ಕೆಳಗಿನ ಅಂಚು ತಾನಾಗಿ ನೆಲವಾಗುತ್ತದೆ. ಹಾಗಾಗಿ ಒಂದೇ ಆಕಾರ ಕೊಡಿ, ಹಾಳೆಯನ್ನೂ 20 ಸೆಂ.ಮೀ. ಚೌಕವಾಗಿ ಕತ್ತರಿಸಿ, ಮೇಲೆ ಕೆಳಗೆ ಎಂಬುದೇ ಉಳಿಯುವುದಿಲ್ಲ. ರಷ್ಯಾ ಮೂಲದ ಅಮೂರ್ತ ಚಿತ್ರಕಾರ ಕ್ಯಾಂಡಿನ್ಸ್ಕಿ 1926ರಲ್ಲಿ ಬರೀ ವೃತ್ತಗಳಿಂದಲೇ ಒಂದು ದೊಡ್ಡ ಚಿತ್ರ ಮಾಡಿದ.

ನಮ್ಮ ಕಡೆಯ ಮಕ್ಕಳಿಗೆ ಚೌಕದಿಂದ ಶುರು ಮಾಡುವುದು ಒಳ್ಳೆಯದು. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಬರೆದರೆ ಅಷ್ಟೇ ಮೂಲೆಗಳು ಬರುತ್ತವೆ. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ 12 ಸೆಂ.ಮೀ. ಚೌಕ ಕತ್ತರಿಸಿ, ಎರಡು ಕರ್ಣ ಎಳೆದು, ಅವು ಕೂಡುವಲ್ಲಿ ಗುಂಡುಸೂಜಿ ಚುಚ್ಚಿ. ಕಣ್ಣಳತೆಯಲ್ಲಿ ಚುಚ್ಚಿದರೆ ನಕ್ಷತ್ರ ಒಂದು ಕಡೆ ಉಬ್ಬುತ್ತದೆ. ಹಾಳೆಯ ನಡುವಿನಿಂದ 0, 15, 30, 45, 60, 75 ಡಿಗ್ರಿಗೆ ಒಂಬತ್ತೂವರೆ ಸೆಂ.ಮೀ. ಗೆರೆಗಳನ್ನು ಮೊದಲೇ ಎಳೆದಿಟ್ಟು, ಸೂಜಿಯನ್ನು ಆ ನಡುವಿಗೇ ಊರಿ, ಪ್ರತಿ ಸಲ ಚೌಕದ ಅದೇ ಮೂಲೆಯನ್ನು ಒಂದೊಂದೇ ಗೆರೆಗೆ ಹೊಂದಿಸಿ ಸುತ್ತ ಬರೆಯಲಿ. ಪ್ರತಿ ಸಲ ಹಿಂದಿನ ಚೌಕದಿಂದ ಅಳೆದರೆ ತಪ್ಪು ಕೂಡುತ್ತ ಹೋಗಿ ಕೊನೆಯ ಸಂದು ಕಿರಿದಾಗುತ್ತದೆ, ಇಲ್ಲವೇ ಬಾಯಿಬಿಡುತ್ತದೆ. ಇನ್ನೂ ಚಿಕ್ಕವರಿಗೆ 30 ಡಿಗ್ರಿಯಂತೆ ಮೂರೇ ಚೌಕ ಸಾಕು.

ಈಗ ನೋಡಿ, ಯಾರೂ ಬರೆಯದ ಎಷ್ಟೋ ಆಕಾರಗಳು ಗೆರೆಗಳ ನಡುವೆ ಹುಟ್ಟಿರುತ್ತವೆ. ಮೂರೇ ಬಣ್ಣದ ಪೆನ್ಸಿಲ್ ಕೊಡಿ, ಬಿಳಿ ನಾಲ್ಕನೆಯದು. ಅಕ್ಕಪಕ್ಕದ ಖಾನೆಗಳಿಗೆ ಒಂದೇ ಬಣ್ಣ ತುಂಬಿದರೆ ಅವು ಕೂಡಿ ಮತ್ತೊಂದು ಆಕಾರವಾಗುತ್ತದೆ. ಅದನ್ನು ತಪ್ಪೆಂದು ತಿದ್ದಬೇಡಿ.

ಇಲ್ಲಿಗೇ ನಿಂತರೆ ಅದು ಚೆಂದದ ರಂಗೋಲಿ. ಹಾಳೆಯನ್ನು 5 ಸೆಂ.ಮೀ. ಅಗಲದ ನಾಲ್ಕು ಪಟ್ಟಿಗಳಾಗಿ ಕತ್ತರಿಸಿ, ಕಪ್ಪು ಹಾಳೆಯ ಮೇಲೆ ಮೇಲೆ-ಕೆಳಗೆ ಜಾರಿಸಿ ನೋಡಲು ಹೇಳಿ. ಹತ್ತು ನಿಮಿಷ ಗೋಂದು ಕೊಡಲೇಬೇಡಿ. ಮಗು ನಿಜವಾಗಿ ಯೋಚಿಸುವುದು ಆ ಹತ್ತು ನಿಮಿಷದಲ್ಲೇ. ‘ಇದೇನು?’ ಅಂತ ಕೇಳಿದಿರೋ, ಮತ್ತೆ ಗುಡ್ಡವೇ ಬರುತ್ತದೆ. ‘ಕಣ್ಣು ಮೊದಲು ಎಲ್ಲಿ ಹೋಗತದ?’ ಎಂದು ಕೇಳಿ.

ಪ್ರಶ್ನೆ: ಅಂಟಿಸಿದ ಬಣ್ಣದ ಕಾಗದ ಒಣಗಿದ ಮೇಲೆ ಸುಕ್ಕಾಗುವುದೇಕೆ?
– ಒಬ್ಬ ಓದುಗರು, ಹಾವೇರಿ

ಉತ್ತರ: ಬಿಳಿ ಅಂಟಿನ ನೀರು ಹೀರಿ ಕಾಗದದ ನಾರು ಉಬ್ಬುತ್ತದೆ, ಒಣಗುವಾಗ ಒಂದೇ ಸಮ ಕುಗ್ಗುವುದಿಲ್ಲ. ಅಂಚಿಗಷ್ಟೇ ತೆಳ್ಳಗೆ ಸವರಿ, ಹಳೆಯ ದಿನಪತ್ರಿಕೆಯ ನಡುವೆ ಇಟ್ಟು ರಾತ್ರಿಯಿಡೀ ಭಾರ ಹೇರಿ. ಅಂಟುಕಡ್ಡಿಯಾದರೆ ಈ ತಾಪತ್ರಯ ಕಡಿಮೆ.